ನಾಯಿಗೂ ಪಂಚಾಂಗವಾ ಮಾರಾಯ್ರೆ?

ಕಾಸರಗೋಡಿನ ಕಡೆ ಕಡಲ ಬದಿಯ ನಾಯಿಗಳ ಮಾತು ಬಂದರೆ ಕೇಳುವುದು ಎರಡೇ ರಾಗ: ‘ಎಲ್ಲವನ್ನೂ ಹಿಡಿದುಕೊಂಡು ಹೋಗಲಿ’, ಇಲ್ಲವೇ ‘ಪಾಪ, ಅವುಗಳ ಪಾಡಿಗೆ ಇರಲಿ ಬಿಡಿ’. ಮೂರನೆಯ ದಾರಿಯೊಂದಿದೆ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ, ಮಗಳ ಮನೆಯ ಲ್ಯಾಬ್ರಡಾರ್ ಜೊತೆ ಚೆಸಿಲ್ ತೀರದಲ್ಲಿ ನಡೆದಾಗ ಅದನ್ನು ಕಂಡೆ.

ಹೊಯಿಗೆಯ ಮೇಲೆ ಬರಿಗಾಲಲ್ಲಿ ಬೆಳೆದವರಿಗೆ ಅದು ಕಡಲತೀರ ಅಂತಲೇ ಅನಿಸುವುದಿಲ್ಲ. ಸುಮಾರು 29 ಕಿಲೋಮೀಟರ್ ಉದ್ದಕ್ಕೂ ನುಣುಪು ಕಲ್ಲು, ಹೆಚ್ಚಿನವು ಚಕಮಕಿ ಕಲ್ಲು. ಪಶ್ಚಿಮದ ತುದಿಯಲ್ಲಿ ಬಟಾಣಿ ಗಾತ್ರ, ಪೂರ್ವದ ತುದಿಯ ಪೋರ್ಟ್‌ಲ್ಯಾಂಡ್ ಕಡೆಗೆ ಬರಬರುತ್ತ ಆಲೂಗಡ್ಡೆಯಷ್ಟು. ಅಲೆಗಳೇ ವಿಂಗಡಿಸಿಟ್ಟದ್ದು. ಕತ್ತಲಲ್ಲಿ ದಡ ಸೇರಿದ ಮೀನುಗಾರರು ಕಲ್ಲು ಮುಟ್ಟಿ ನೋಡಿ ಯಾವ ಕಡೆ ಬಂದೆವೆಂದು ಹೇಳುತ್ತಿದ್ದರಂತೆ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ನಾಯಿಗೆ ಮಾತ್ರ ಹಬ್ಬ. ನೆನಪಿಗೆಂದು ಕಲ್ಲು ಜೇಬಿಗೆ ಹಾಕಿಕೊಳ್ಳುವಂತಿಲ್ಲ, ಅದು ಅಪರಾಧ.

ಆ ಕಲ್ಲುಗಳ ನಡುವೆಯೇ ಬೇಸಿಗೆಯಲ್ಲಿ ಕಿರು ರೀವ (ಲಿಟಲ್ ಟರ್ನ್) ಎಂಬ ಪುಟ್ಟ ಕಡಲಹಕ್ಕಿ ಮೊಟ್ಟೆ ಇಡುತ್ತದೆ. ಗೂಡು ಎಂದರೆ ಬರೀ ಒಂದು ಗುಳಿ. ಮೊಟ್ಟೆಯ ಬಣ್ಣ ಕಲ್ಲಿನದ್ದೇ. ನಾಯಿ ಬಾಯಿ ಹಾಕಬೇಕಾಗಿಲ್ಲ, ಹತ್ತಿರ ಓಡಿದರೂ ತಾಯಿ ಹಾರಿಹೋಗಿ ಮೊಟ್ಟೆಯ ಕಾವು ಆರುತ್ತದೆ. ಹಾಗೆಂದು ನಾಯಿಯನ್ನು ಇಡೀ ತೀರದಿಂದ ಹೊರಗಿಟ್ಟಿಲ್ಲ. ಹಕ್ಕಿ ಕೂರುವಷ್ಟು ಜಾಗಕ್ಕೆ, ಕೂರುವಷ್ಟು ತಿಂಗಳು ಬೇಲಿ, ಜೊತೆಗೆ ಸ್ವಯಂಸೇವಕರ ಕಾವಲು. ಅಲ್ಲಿ ಒಳನಾಡಿನಲ್ಲಿ ಜನ ಮುಕ್ತವಾಗಿ ನಡೆದಾಡಬಹುದಾದ ಬಯಲುಗಳಲ್ಲೂ ಇಂಥದ್ದೇ ಲೆಕ್ಕ: ಮಾರ್ಚ್ 1ರಿಂದ ಜುಲೈ 31ರ ತನಕ ನಾಯಿಯ ಹಗ್ಗ 2 ಮೀಟರ್ ಮೀರಬಾರದು ಎನ್ನುತ್ತದೆ 2000ದ ಕಾಯ್ದೆ. ಕುಂಬಳೆಯಲ್ಲಿ ಇದನ್ನು ಹೇಳಿದರೆ ನೆರೆಯವರು, ‘ನಾಯಿಗೂ ಪಂಚಾಂಗವಾ ಮಾರಾಯ್ರೆ?’ ಎಂದು ನಕ್ಕರು.

ನಗಲಿ. ನಮಗೂ ಅಂಥದ್ದೊಂದು ಬೇಕು. ನೀಲೇಶ್ವರದ ತೈಕಡಪ್ಪುರದ ಹೊಯಿಗೆಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಒಂದು ಗುಳಿಯಲ್ಲಿ ನೂರರಷ್ಟು; ಮರಿಯಾಗಲು 45ರಿಂದ 60 ದಿನ. ಅಷ್ಟು ದಿನ ನಾಯಿ, ನರಿ ಅಗೆಯದೆ ಬಿಟ್ಟರೆ ತಾನೆ? ಊರಿನವರೇ ರಾತ್ರಿ ತೀರ ಸುತ್ತಿ, ಮೊಟ್ಟೆಗಳನ್ನು ಬೇಲಿಯೊಳಗೆ ಹೂತು, ಮರಿಗಳನ್ನು ಕಡಲಿಗೆ ಬಿಡುತ್ತಾ ಬಂದಿದ್ದಾರೆ. ಡಾರ್ಸೆಟ್‌ನ ಕಾವಲಿಗೆ ಇದು ಯಾವುದರಲ್ಲೂ ಕಡಿಮೆಯಲ್ಲ.

ವ್ಯತ್ಯಾಸ ಇರುವುದು ನಾಯಿಯ ವಾರಸುದಾರಿಕೆಯಲ್ಲಿ. ಅಲ್ಲಿ 2016ರಿಂದ ಸಾಕುನಾಯಿಯ ಚರ್ಮದಡಿ ಮೈಕ್ರೋಚಿಪ್ ಕಡ್ಡಾಯ. ಹಿಂದಿನಿಂದ ಹೇಲು ಹೆಕ್ಕುವ ಚೀಲ ಹಿಡಿದ ಯಜಮಾನ. ನಮ್ಮ ತೀರದ ನಾಯಿಗೆ ಮೀನಿನ ತಲೆ ಎಸೆಯುವವರು ಹತ್ತು ಮಂದಿ, ತನ್ನದು ಎನ್ನುವವರು ಒಬ್ಬರೂ ಇಲ್ಲ. ಕನ್ನಡ, ಮಲಯಾಳ ಎರಡರಲ್ಲೂ ಬೋರ್ಡು ಬರೆಸಿದರೆ ಓದುವುದು ಯಾರು, ನಾಯಿಯೇ? ಅದಕ್ಕೇ ನಾನು ಬೋರ್ಡು ಕೇಳುವುದಿಲ್ಲ. ಮೀನಿನ ಕಸ ತೀರಕ್ಕೆ ಬೀಳುವುದು ನಿಲ್ಲಲಿ. ಆಮೆ ಬರುವ ತಿಂಗಳುಗಳಿಗೆ ಮೊದಲೇ ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆ, ಲಸಿಕೆ ಮುಗಿಯಲಿ. ಸಾಕುನಾಯಿಯನ್ನು ಕಣ್ವತೀರ್ಥಕ್ಕೋ ಬೇಕಲಕ್ಕೋ ಕರೆದೊಯ್ಯುವ ನನ್ನಂಥವರು ಮಾತ್ರ ಹಗ್ಗವನ್ನೂ ಚೀಲವನ್ನೂ ಈಗಲೇ ಒಯ್ಯಬಹುದು. ಅದಕ್ಕೆ ಪಂಚಾಯತಿನ ಅಪ್ಪಣೆ ಬೇಕಿಲ್ಲ.