ನಮ್ಮೂರಿನ ಬರಹಕ್ಕೆ ಎಲ್ಲಿಯದೋ ಚಿತ್ರ ಯಾಕೆ?

ಕಥೆಗೆ, ಲೇಖನಕ್ಕೆ ಚಿತ್ರ ಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಸುಧಾ, ಮಯೂರ, ತರಂಗ ಓದಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಥೆಯ ಹೆಸರು ಮರೆತಿರುತ್ತದೆ, ಬರೆದವರು ಯಾರು ಅನ್ನುವುದೂ ಮರೆತಿರುತ್ತದೆ, ಪುಟದ ಮೂಲೆಯಲ್ಲಿ ಛತ್ರಿ ಹಿಡಿದು ನಿಂತ ಹೆಂಗಸಿನ ರೇಖಾಚಿತ್ರ ಮಾತ್ರ ಕಣ್ಣಲ್ಲಿ ಉಳಿದಿರುತ್ತದೆ. ಹಾಗಾಗಿ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಮಾಡಿದ ಚಿತ್ರ ಅಂದ ಕೂಡಲೇ ಬೈಯುವವರ ಗುಂಪಿನಲ್ಲಿ ನಾನಿಲ್ಲ. ನಾನೂ ಬಳಸುತ್ತೇನೆ. ಆದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರು ಬರೆಯುವ ಬರಹಗಳ ಜೊತೆ ಈಗೀಗ ಬರುತ್ತಿರುವ ಚಿತ್ರಗಳನ್ನು ನೋಡಿದಾಗ ಒಂದು ಮಾತು ಹೇಳಲೇಬೇಕು ಅನ್ನಿಸುತ್ತದೆ. ಕಟ್ಟುಕಥೆಗೆ ಎಐ ಚಿತ್ರ ಹಾಕಿ, ಖುಷಿಯಾಗಿ ಹಾಕಿ. ನಮ್ಮ ಊರು, ನಮ್ಮ ಜನ, ನಮ್ಮ ಕೆಲಸ, ನಿಜವಾಗಿ ನಡೆದದ್ದು, ಇವುಗಳ ಬಗ್ಗೆ ಬರೆದಾಗ ದಯವಿಟ್ಟು ಹಾಕಬೇಡಿ.

ಯಾಕೆ ಅಂತ ಹೇಳುತ್ತೇನೆ.

ಅಡಿಕೆ ಸುಲಿಯುವ ಅಜ್ಜಿಯ ಚಿತ್ರ ಕೊಡು ಅಂತ ಕೇಳಿ ನೋಡಿ. ಒಂದು ನಿಮಿಷದೊಳಗೆ ಚೆಂದದ ಚಿತ್ರ ಬರುತ್ತದೆ. ಅಜ್ಜಿಯ ಮುಖದಲ್ಲಿ ಸುಕ್ಕು, ಹಣೆ ಮೇಲೆ ದೊಡ್ಡ ಕುಂಕುಮ, ಜರಿ ಅಂಚಿನ ಸೀರೆ, ಹಿಂದೆ ಹೊನ್ನಿನ ಬಣ್ಣದ ಸಂಜೆ ಬಿಸಿಲು. ಈಗ ಸ್ವಲ್ಪ ಹತ್ತಿರದಿಂದ ನೋಡಿ. ಅಜ್ಜಿಯ ಕೈಯಲ್ಲಿ ಹಣ್ಣು ಹೆಚ್ಚುವ ಚಾಕು ಇದೆ. ಅಡಿಕೆ ಸುಲಿಯಲು ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿ ಇಲ್ಲ. ಮುಂದಿನ ಬುಟ್ಟಿಯಲ್ಲಿರುವುದು ಕಿತ್ತಳೆಯೋ ಪುಟಾಣಿ ತೆಂಗಿನಕಾಯಿಯೋ ಗೊತ್ತಾಗುವುದಿಲ್ಲ. ಹಿಂದಿನ ತೋಟದಲ್ಲಿರುವುದು ತೆಂಗಿನ ಮರ, ಅದೂ ಸಮುದ್ರದ ದಂಡೆಯಲ್ಲಿ ಬಾಗಿ ನಿಂತ ಹಾಗೆ ಬಾಗಿದ್ದು. ಎಲ್ಲಕ್ಕಿಂತ ಜಾಸ್ತಿ ನನ್ನ ಕಣ್ಣಿಗೆ ಹೊಡೆಯುವುದು ಅಜ್ಜಿಯ ಬೆರಳು. ತೊಳೆದಿಟ್ಟ ಹಾಗಿದೆ. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಕಡೆ ಯಾರ ಬೆರಳಾದರೂ ಹಾಗಿರುತ್ತದಾ? ಹಸಿ ಅಡಿಕೆಯ ಒಗರಿಗೆ ಬೆರಳ ತುದಿ, ಉಗುರಿನ ಸಂದಿ ಎಲ್ಲ ಕಪ್ಪಾಗಿರುತ್ತದೆ. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಮದುವೆ ಮನೆಗೆ ಹೋದರೂ ಆ ಕೈಯಲ್ಲೇ ಹೋಗಬೇಕು. ಅಡಿಕೆ ಸುಲಿಯುವುದರ ಬಗ್ಗೆ ಬರೆಯುವವರು ಬರೆಯಬೇಕಾದದ್ದೇ ಆ ಬೆರಳಿನ ಬಗ್ಗೆ. ಚಿತ್ರ ಅದನ್ನೇ ಅಳಿಸಿಬಿಟ್ಟಿದೆ.

ಮತ್ತೆ, ಓದುವವರ ಕಣ್ಣು ಮೊದಲು ಹೋಗುವುದು ಚಿತ್ರಕ್ಕೆ. ನೀವು ಎಷ್ಟೇ ಚೆನ್ನಾಗಿ ಬರೆದಿರಿ, ಬೆಂಗಳೂರಲ್ಲೋ ಕಲಬುರಗಿಯಲ್ಲೋ ಕೂತು ಓದುವವರ ಮನಸ್ಸಲ್ಲಿ ಮಲೆನಾಡಿನ ಅಡಿಕೆ ತೋಟ ಅಂದರೆ ಆ ಬಾಗಿದ ತೆಂಗಿನ ಮರ ಅಂತ ಕೂತುಬಿಡುತ್ತದೆ.

ಇದು ಹೀಗೇಕೆ ಆಗುತ್ತದೆ ಅನ್ನುವುದನ್ನು ತಿಳಿದುಕೊಂಡರೆ ಒಳ್ಳೆಯದು. ಸುಮ್ನೆ ಎಐಗೆ ಬುದ್ಧಿ ಇಲ್ಲ ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ಈ ತಂತ್ರಾಂಶಗಳು ಕಲಿಯುವುದು ಇಂಟರ್ನೆಟ್ಟಿನಲ್ಲಿ ಸಿಕ್ಕ ಚಿತ್ರ ಮತ್ತು ಅದರ ಜೊತೆಗಿರುವ ಬರಹದಿಂದ. 2022ರಲ್ಲಿ ಹೊರಬಂದ ಲಯಾನ್-5ಬಿ ಅನ್ನುವ ಸಂಗ್ರಹದಲ್ಲಿ ಇಂಥ ಸುಮಾರು 585 ಕೋಟಿ ಜೋಡಿಗಳಿದ್ದವು. ಅದರಲ್ಲಿ 230 ಕೋಟಿಗೂ ಹೆಚ್ಚು ಚಿತ್ರಗಳ ಜೊತೆಗಿದ್ದದ್ದು ಇಂಗ್ಲಿಷ್ ಬರಹ. ಅದೇ ವರ್ಷ ಆಗಸ್ಟಿನಲ್ಲಿ ಎಲ್ಲರ ಕೈಗೂ ಸಿಕ್ಕ ಸ್ಟೇಬಲ್ ಡಿಫ್ಯೂಷನ್ ಅನ್ನುವ ಚಿತ್ರ ಮಾಡುವ ಎಐ ಕಲಿತದ್ದು ಇಂಥ ಸಂಗ್ರಹದಿಂದಲೇ. ಅದು ಮಾಡುವ ಕೆಲಸ ಏನಪ್ಪಾ ಅಂದರೆ, ಬರೀ ಚುಕ್ಕಿಗಳ ಗಲಿಬಿಲಿಯಿಂದ ಶುರುಮಾಡಿ, ನಾವು ಬರೆದುಕೊಟ್ಟ ಸೂಚನೆಗೆ, ಅಂದರೆ ಪ್ರಾಂಪ್ಟಿಗೆ, ಹೊಂದುವ ಹಾಗೆ ಆ ಗಲಿಬಿಲಿಯನ್ನು ಹಂತಹಂತವಾಗಿ ತಿಳಿ ಮಾಡುತ್ತಾ ಹೋಗುವುದು. ತಿಳಿಯಾಗುತ್ತಾ ಹೋದ ಹಾಗೆ ಅದು ವಾಲುವುದು ತಾನು ಜಾಸ್ತಿ ನೋಡಿದ್ದರ ಕಡೆಗೆ. ಮರ, ಬಿಸಿ ಸೀಮೆ, ಭಾರತ ಅಂದರೆ ಅದು ಹೆಚ್ಚು ನೋಡಿದ್ದು ತೆಂಗು ಮತ್ತು ಕಡಲ ದಂಡೆ ಇರಬೇಕು. ಶರಾವತಿ ಕಣಿವೆಯ ತೋಟದ ಫೋಟೋ ಎಷ್ಟಿರಬಹುದು? ಇದ್ದರೂ ಅದರ ಕೆಳಗೆ ಏನು ಬರೆದಿರುತ್ತಾರೆ? ನಾವೇ ಫೋಟೋ ಹಾಕಿ ಗುಡ್ ಮಾರ್ನಿಂಗ್ ಅಂತ ಬರೆದಿರುತ್ತೇವೆ.

ಯಕ್ಷಗಾನದ ಕಥೆ ಇನ್ನೂ ಬೇಸರದ್ದು. ಯಕ್ಷಗಾನದ ಬಡಗಿನ ಶೈಲಿಯಾದ ಬಡಗುತಿಟ್ಟಿನ ವೇಷಧಾರಿ ಅಂತ ಕೇಳಿದರೆ ಹಸಿರು ಮುಖದ ಕಥಕಳಿ ಬರುತ್ತದೆ, ಇಲ್ಲವಾದರೆ ಕೇರಳದ ಕಥಕಳಿ ಮತ್ತು ತೆಯ್ಯಂ ಎರಡನ್ನೂ ಕಲಸಿದ ಒಂದು ರೂಪ. ಕೇದಗೆ ಮುಂದಲೆ ಅನ್ನುವ ತಲೆಯ ವೇಷ ಕಟ್ಟುವುದಕ್ಕೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಎಷ್ಟು ಹೊತ್ತು ಕೂರಬೇಕು ಅಂತ ಬಲ್ಲವರು ಆ ಚಿತ್ರ ನೋಡಿದರೆ ಏನನ್ನಬೇಕು? ದೇವಸ್ಥಾನವೂ ಅಷ್ಟೇ. ಮಲೆನಾಡಿನ ಹಳ್ಳಿಯ ಗುಡಿ ಅಂದರೆ ಇಳಿಜಾರು ಮಾಡಿನ ಹೆಂಚಿನ ಗುಡಿ, ಮಳೆಗೆ ಪಾಚಿ ಕಟ್ಟಿದ ಪಾಗಾರ. ಬರುವುದು ಎತ್ತರದ ಬಣ್ಣಬಣ್ಣದ ಗೋಪುರ.

ಹಸೆ ಚಿತ್ತಾರದ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸಾಗರ, ಸೊರಬ ಕಡೆಯ ದೀವರು ಅನ್ನುವ ಸಮುದಾಯದ ಹೆಂಗಸರು ತಲೆತಲಾಂತರದಿಂದ ಉಳಿಸಿಕೊಂಡು ಬಂದ ಕಲೆ ಅದು. ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿ ನೆನೆಸಿ ಅರೆದ ಬಿಳಿ. ಅಕ್ಕಿಯನ್ನೇ ಕರಕಲಾಗುವ ತನಕ ಹುರಿದು ಮಾಡಿದ ಕಪ್ಪು. ಗುರಿಗೆ ಬೀಜದ ಹಳದಿ. ಪುಂಡಿ ನಾರಿನ ಕುಂಚ. ಸ್ಕೇಲು ಇಲ್ಲ, ಪೆನ್ಸಿಲ್ ಗುರುತು ಇಲ್ಲ, ಆದರೂ ಎಳೆ ಆ ತುದಿಯಿಂದ ಈ ತುದಿಗೆ ನೆಟ್ಟಗೆ ಹೋಗುತ್ತದೆ. ಮದುವೆಯಲ್ಲಿ ಗಂಡು ಹೆಣ್ಣು ಕೂರುವ ಜಾಗದ ಹಿಂದೆ ಬರೆಯುವ ಚಿತ್ತಾರದಲ್ಲಿ ಸಾಲು ತಪ್ಪುವ ಹಾಗಿಲ್ಲ, ಲೆಕ್ಕ ತಪ್ಪುವ ಹಾಗಿಲ್ಲ. ಇದನ್ನು ಎಐಗೆ ಕೇಳಿದರೆ ಅದು ಕೊಡುವುದು ವಾರ್ಲಿ. ಮಹಾರಾಷ್ಟ್ರದ ವಾರ್ಲಿ. ಮಣ್ಣಿನ ಬಣ್ಣದ ಹಿನ್ನೆಲೆ, ಬಿಳಿ ಗೆರೆ, ತ್ರಿಕೋನದ ಮೈ, ಗುಂಡು ತಲೆ, ಕೈ ಕೈ ಹಿಡಿದು ಸುತ್ತ ಕುಣಿಯುವ ಜನ. ವಾರ್ಲಿ ಒಳ್ಳೆಯ ಕಲೆ, ಅದರ ಮೇಲೆ ನನ್ನದೇನೂ ತಕರಾರಿಲ್ಲ. ಆದರೆ ಹಸೆ ಚಿತ್ತಾರದ ಬಗ್ಗೆಯೇ ಬರೆದ ಲೇಖನಕ್ಕೆ ಅಂಥ ಚಿತ್ರ ಹಾಕಿ, ಕೆಳಗೆ ‘ನಮ್ಮ ಮಲೆನಾಡಿನ ಹೆಮ್ಮೆ’ ಅಂತ ಬರೆದಿದ್ದನ್ನು ನೋಡಿದೆ. ಲೇಖನ ಚೆನ್ನಾಗಿತ್ತು, ಪಾಪ. ಕೆಳಗಿದ್ದ ಕಾಮೆಂಟುಗಳಲ್ಲಿ ಎಲ್ಲರೂ ಚಿತ್ರ ಸೂಪರ್ ಅಂದಿದ್ದರು. ಹಸೆ ಚಿತ್ತಾರ ಬರೆಯುವ ಹೆಂಗಸರು ಸಾಗರ ಪೇಟೆಯಿಂದ ಒಂದು ಬಸ್ಸಿನ ದೂರದಲ್ಲಿದ್ದಾರೆ. ಅವರ ಕೈಕೆಲಸದ ಒಂದು ಫೋಟೋ ಬೇಕಿತ್ತು ಅಷ್ಟೇ.

ಇನ್ನೂ ಒಂದು ಅಪಾಯ ಇದೆ, ಅದು ಹಳೆಯ ಫೋಟೋದ ವೇಷ ಹಾಕಿದ ಚಿತ್ರಗಳದ್ದು. ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಊರು, ಗದ್ದೆ, ತೋಟ ಮುಳುಗಿ ಜನ ಸಾಮಾನು ಕಟ್ಟಿಕೊಂಡು ಎಲ್ಲೆಲ್ಲೋ ಹೋದರು. ಎಷ್ಟೋ ಮನೆಗಳ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ. ಆ ಮನೆಗಳ ಫೋಟೋ ತುಂಬಾ ಕಡಿಮೆ. ಆಗ ಯಾರ ಕೈಯಲ್ಲಿ ಕ್ಯಾಮೆರಾ ಇತ್ತು? ಈ ಖಾಲಿ ಜಾಗವನ್ನು ಈಗ ಎಐ ತುಂಬುತ್ತಿದೆ. ಕಪ್ಪು ಬಿಳುಪು, ಅಂಚಿನಲ್ಲಿ ಹಳದಿಗಟ್ಟಿದ ಕಲೆ, ಗಾಡಿ ಮೇಲೆ ಮೂಟೆ, ಅಳುವ ಮಗು. ನೋಡಿದವರು ನಿಜ ಅಂತ ನಂಬಿ ಹಂಚಿಕೊಳ್ಳುತ್ತಾರೆ. ಮುಳುಗಡೆಯಾದ ಮನೆಯ ಹಿರಿಯರೊಬ್ಬರು ಅಂಥ ಚಿತ್ರವನ್ನು ಮೊಬೈಲಲ್ಲಿ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದರು, ಇದು ಯಾರ ಮನೆ ಅಂತ ಗುರುತು ಹಿಡಿಯುವುದಕ್ಕೆ. ಅದು ಯಾರ ಮನೆಯೂ ಅಲ್ಲ ಅಂತ ಅವರಿಗೆ ಹೇಳುವುದು ಸುಲಭವಾ?

ಹಿರೇಭಾಸ್ಕರ ಅಣೆಕಟ್ಟು ಇನ್ನೊಂದು ಉದಾಹರಣೆ. 1948ರ ಹೊತ್ತಿಗೆ ಮಡೆನೂರಿನಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು ಆಮೇಲೆ ಲಿಂಗನಮಕ್ಕಿಯ ಹಿನ್ನೀರಿನಲ್ಲೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. ಅದರ ವಿಶೇಷವೇ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ದುಂಡನೆಯ ಸೈಫನ್‌ಗಳು. ನೀರು ಒಂದು ಮಟ್ಟಕ್ಕೆ ಏರಿದರೆ ಗೇಟಿನ ಹಂಗಿಲ್ಲದೆ ತಾನಾಗಿ ಹೊರಹೋಗುವ ಏರ್ಪಾಡು. ಎಐ ಮಾಡಿದ ಮುಳುಗಿದ ಅಣೆಕಟ್ಟಿನ ಚಿತ್ರದಲ್ಲಿ ಸಾಲಾಗಿ ಕಬ್ಬಿಣದ ಗೇಟು ಇರುತ್ತದೆ. ಅಂದರೆ ಆ ಅಣೆಕಟ್ಟಿನ ಬಗ್ಗೆ ಹೇಳಬೇಕಾದ ಮುಖ್ಯ ಸಂಗತಿಯೇ ಹೋಯಿತು.

2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂದಿತ್ತು. ಎಐ ಹುಟ್ಟಿಸಿದ್ದನ್ನೇ ಮತ್ತೆ ಮತ್ತೆ ಎಐಗೆ ಕಲಿಸುತ್ತಾ ಹೋದರೆ ಏನಾಗುತ್ತದೆ ಅನ್ನುವುದು ವಿಷಯ. ಮೊದಲು ಅಳಿದುಹೋಗುವುದು ಅಪರೂಪದ ಸಂಗತಿಗಳು, ಆಮೇಲೆ ಎಲ್ಲವೂ ಒಂದೇ ಥರ ಆಗುತ್ತಾ ಹೋಗುತ್ತದೆ ಅಂತ ಅವರು ತೋರಿಸಿದರು. ಇದನ್ನು ಓದಿದಾಗ ನನಗೆ ತಕ್ಷಣ ಬಂದ ಯೋಚನೆ ನಮ್ಮ ಕಡೆಯದೇ. ಇಂಟರ್ನೆಟ್ಟಿನ ಲೆಕ್ಕದಲ್ಲಿ ಅಪರೂಪ ಅಂದರೆ ನಾವೇ ಅಲ್ವಾ? ಮೆಟ್ಟುಗತ್ತಿ, ಮಳೆಗೆ ಹೊದೆಯುವ ಗೊರಬು, ಕಂಬಳಿ ಕೊಪ್ಪೆ, ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ. ಇವುಗಳ ಹೆಸರಿನಲ್ಲಿ ನಾವೇ ತಪ್ಪು ಚಿತ್ರ ಹಾಕುತ್ತಾ ಹೋದರೆ ನಾಳೆ ಹುಡುಕಿದವರಿಗೆ ಸಿಗುವುದೂ ಅದೇ, ನಾಳೆಯ ಎಐ ಕಲಿಯುವುದೂ ಅದನ್ನೇ.

ಹಾಗಂತ ಮುಟ್ಟಲೇಬಾರದಾ? ಖಂಡಿತ ಮುಟ್ಟಬಹುದು. ಮಕ್ಕಳ ಕಥೆ ಬರೆಯುವ ಮೇಷ್ಟ್ರೊಬ್ಬರು ಗೊತ್ತು. ಚಿಪ್ಪುಹಂದಿಗೂ ಮಂಗಟ್ಟೆ ಹಕ್ಕಿಗೂ ಜಗಳ ಹುಟ್ಟುವ ಕಥೆ ಅವರದು. ಹಳ್ಳಿ ಶಾಲೆಯ ಮೇಷ್ಟ್ರಿಗೆ ಪ್ರತಿ ಕಥೆಗೂ ಕಲಾವಿದರಿಗೆ ದುಡ್ಡು ಕೊಡುವುದು ಎಲ್ಲಿ ಸಾಧ್ಯ? ಎಐ ಚಿತ್ರ ಹಾಕಿ ಪ್ರಿಂಟ್ ತೆಗೆದು ಮಕ್ಕಳ ಮುಂದೆ ಹಿಡಿದರೆ ಓದಲು ಒಲ್ಲದ ಮಗುವೂ ಹತ್ತಿರ ಬರುತ್ತದೆ. ಹಂದಿ ಮಾತಾಡುತ್ತದೆ ಅಂದ ಮೇಲೆ ಇದು ನಡೆದದ್ದಲ್ಲ ಅಂತ ಮಗುವಿಗೂ ಗೊತ್ತು. ಅಲ್ಲೂ ಅವರು ಹಕ್ಕಿಯ ಚಿತ್ರವನ್ನು ಬಿಡದೆ ತಿದ್ದಿಸಿದರು. ಮೊದಲು ಬಂದದ್ದು ದಕ್ಷಿಣ ಅಮೆರಿಕದ ಕಾಡಿನ ಟೂಕಾನ್ ಹಕ್ಕಿ. ನಮ್ಮ ಮಂಗಟ್ಟೆಯ ಕೊಕ್ಕಿನ ಮೇಲೆ ಕೊಂಬಿನ ಥರದ ಉಬ್ಬು ಇರುತ್ತದೆ, ಅದು ಬರುವ ತನಕ ಬಿಡಲಿಲ್ಲ. ಇಂಥ ಹಟ ನನಗೆ ತುಂಬಾ ಇಷ್ಟ. ದೆವ್ವದ ಕಥೆ, ನೂರು ವರ್ಷ ಮುಂದಿನ ಶಿವಮೊಗ್ಗದ ಕಥೆ, ಕನಸಿನ ಕಥೆ, ಇವಕ್ಕೆಲ್ಲ ಎಐ ಒಳ್ಳೆಯ ಜೊತೆಗಾರ.

ಬಳಸುವವರಿಗೆ ನನ್ನ ಅನುಭವದ ಮಾತು. ವಸ್ತುವಿನ ಹೆಸರು ಹೇಳಿದರೆ ಸಾಲದು, ಆಕಾರ ಹೇಳಬೇಕು. ಅಡಿಕೆ ಮರ ಅಂತ ಬಿಟ್ಟರೆ ಆಗದು. ತೆಳ್ಳಗೆ, ನೆಟ್ಟಗೆ, ಕಂಬದ ಹಾಗಿರುವ ಕಾಂಡ, ಅದರ ಮೇಲೆ ಉಂಗುರ ಉಂಗುರದ ಗುರುತು, ತುದಿಯಲ್ಲಿ ಮಾತ್ರ ಏಳೆಂಟು ಸೋಗೆ, ಸೋಗೆಯ ಕೆಳಗೆ ಅಡಿಕೆಯ ಗೊಂಚಲು, ಅಂದರೆ ಕೊನೆ, ಒತ್ತೊತ್ತಾಗಿ ಸಾಲು ಮರ ಅಂತ ಬಿಡಿಸಿ ಹೇಳಿದರೆ ಅರ್ಧ ಕೆಲಸ ಆಗುತ್ತದೆ. ಅದಕ್ಕಿಂತ ಒಳ್ಳೆಯದು ನಿಮ್ಮದೇ ಫೋಟೋವನ್ನೋ ಗೀಚಿದ ಚಿತ್ರವನ್ನೋ ಕೊಟ್ಟು ಅದರ ಮೇಲೆ ಮಾಡಿಸುವುದು. ಫೋಟೋ ಥರದ ಚಿತ್ರ ಕೇಳಲೇಬೇಡಿ. ಶಾಯಿಯ ಗೆರೆಯ ಚಿತ್ರ ಅಥವಾ ಜಲವರ್ಣ ಕೇಳಿ. ಆಗ ನೋಡಿದವರು ನಿಜದ ಫೋಟೋ ಅಂದುಕೊಳ್ಳುವುದಿಲ್ಲ. ಒಂದೇ ಕಥೆಗೆ ನಾಲ್ಕಾರು ಚಿತ್ರ ಬೇಕಿದ್ದರೆ ಮೊದಲ ಚಿತ್ರದ ಪಾತ್ರವನ್ನೇ ಮಾದರಿಯಾಗಿ ಕೊಡುತ್ತಾ ಹೋಗಿ, ಇಲ್ಲವಾದರೆ ಒಂದು ಪುಟದ ಹುಡುಗಿ ಇನ್ನೊಂದು ಪುಟದಲ್ಲಿ ಬೇರೆಯವಳೇ ಆಗಿರುತ್ತಾಳೆ. ಚಿತ್ರದೊಳಗೆ ಕನ್ನಡ ಅಕ್ಷರ ಬರೆಸಿದರೆ ಒತ್ತಕ್ಷರ ಒಂದೊಂದನ್ನೂ ಓದಿ ನೋಡಿ. ಹಾಕುವ ಮೊದಲು ಆ ಕೆಲಸ ಗೊತ್ತಿರುವ ಒಬ್ಬರಿಗೆ ತೋರಿಸಿ, ಕೊನೆ ಕೊಯ್ಯುವವರಿಗೋ, ಅಡುಗೆಯವರಿಗೋ, ಮೇಳದವರಿಗೋ. ಕ್ಷಣದಲ್ಲಿ ತಪ್ಪು ಹೇಳುತ್ತಾರೆ.

ಕೆಳಗೆ ‘ಎಐ ಚಿತ್ರ’ ಅಂತ ಎರಡು ಪದ ಬರೆಯುವುದಕ್ಕೆ ಏನು ಕಷ್ಟವೋ ನನಗೆ ತಿಳಿಯದು. ಬರೆಯಿರಿ. ಕಣ್ಣು ಕಾಣದವರು ಮೊಬೈಲಿನಲ್ಲಿ ಕೇಳಿಸಿಕೊಂಡು ಓದುತ್ತಾರೆ, ಅವರಿಗಾಗಿ ಚಿತ್ರದಲ್ಲಿ ಏನಿದೆ ಅನ್ನುವುದನ್ನೂ ಒಂದು ಸಾಲು ಸೇರಿಸಿ.

ಹಕ್ಕಿನ ವಿಷಯ ಕೇಳುವವರಿದ್ದಾರೆ, ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಕಾಪಿರೈಟ್ ಕಚೇರಿ 2023ರ ಫೆಬ್ರವರಿಯಲ್ಲಿ ಒಂದು ಕಾಮಿಕ್ಸ್ ಪುಸ್ತಕದ ಬಗ್ಗೆ ತೀರ್ಮಾನ ಕೊಟ್ಟಿತು. ಬರಹಕ್ಕೂ ಜೋಡಣೆಗೂ ಹಕ್ಕು ಇದೆ, ಮಿಡ್‌ಜರ್ನಿ ಅನ್ನುವ ಎಐ ಮಾಡಿದ ಚಿತ್ರಗಳಿಗೆ ಇಲ್ಲ ಅಂದಿತು. ನಮ್ಮ 1957ರ ಕಾಯ್ದೆಯಲ್ಲಿ ಕಂಪ್ಯೂಟರ್ ಹುಟ್ಟಿಸಿದ ಕೃತಿಗೆ ಅದನ್ನು ಹುಟ್ಟುವಂತೆ ಮಾಡಿದವರೇ ಕರ್ತೃ ಅನ್ನುವ ಮಾತಿದೆ, ಆದರೆ ಅದನ್ನು ಸೇರಿಸಿದಾಗ ಇಂಥ ಎಐ ಇರಲಿಲ್ಲ. ಹಾಗಾಗಿ ಎಐ ಚಿತ್ರ ಹಾಕಿ ಇದು ನನ್ನದೇ ಅಂತ ಜಗಳಕ್ಕೆ ನಿಲ್ಲುವ ಮೊದಲು ಯೋಚಿಸಿ.

ಕೊನೆಗೆ ದುಡ್ಡಿನ ಮಾತು. ಪುಸ್ತಕ ಮಾಡುವವರು, ಪ್ರಾಯೋಜಕರಿರುವವರು, ಸಂಘದ ಸ್ಮರಣ ಸಂಚಿಕೆ ತರುವವರು, ನಿಮ್ಮ ಕೈಯಲ್ಲಿ ಮುದ್ರಣಕ್ಕೆ ದುಡ್ಡಿದೆ, ಊಟಕ್ಕೆ ದುಡ್ಡಿದೆ, ಶಾಲು ಹಾರಕ್ಕೆ ದುಡ್ಡಿದೆ. ಚಿತ್ರಕ್ಕೆ ಮಾತ್ರ ಯಾಕಿಲ್ಲ? ಶಿವಮೊಗ್ಗದಲ್ಲಿ ಚಿತ್ರಕಲೆ ಕಲಿತ ಹುಡುಗ ಹುಡುಗಿಯರಿದ್ದಾರೆ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರುಗಳಿದ್ದಾರೆ. ಚಿತ್ತಾರ ಬರೆಯುವ ಹೆಂಗಸರಿದ್ದಾರೆ. ಅವರು ಮೆಟ್ಟುಗತ್ತಿ ಬರೆದರೆ ಅದು ಮೆಟ್ಟುಗತ್ತಿಯೇ ಆಗಿರುತ್ತದೆ, ಹೇಳಿಕೊಡಬೇಕಾಗಿಲ್ಲ. ಸಂಭಾವನೆ ಕೊಡಿ, ಚಿತ್ರದ ಕೆಳಗೆ ಅವರ ಹೆಸರು ಹಾಕಿ.

ಮುಳುಗಡೆಗೆ ಮುಂಚಿನ ಮನೆ, ತೋಟ, ಜಾತ್ರೆ, ಮದುವೆಯ ಫೋಟೋ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ, ಮಸುಕಾಗಿದ್ದರೂ ಪರವಾಗಿಲ್ಲ, ಬೆಳಕಲ್ಲಿಟ್ಟು ಮೊಬೈಲಲ್ಲಿ ತೆಗೆದು ಕೆಳಗೆ ಕಾಮೆಂಟಿನಲ್ಲಿ ಹಾಕಿ. ಊರಿನ ಹೆಸರು, ಗೊತ್ತಿದ್ದರೆ ವರ್ಷ, ಫೋಟೋದಲ್ಲಿ ಏನು ನಡೆಯುತ್ತಿದೆ ಅನ್ನುವುದನ್ನು ಕನ್ನಡದಲ್ಲೇ ಬರೆಯಿರಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆದರೆ ಇನ್ನೂ ಒಳ್ಳೆಯದು. ಎಐಯಿಂದ ಬಣ್ಣ ಹಾಕಿಸಬೇಡಿ, ಇದ್ದ ಹಾಗೇ ಹಾಕಿ.