ಪಾಲೆ ಕಷಾಯ ಬೇಕು, ಪಾಲೆ ಮರ ಮಾತ್ರ ಗುರ್ತ ಇಲ್ಲ

ಆಟಿ ಅಮಾವಾಸ್ಯೆಗೆ (ತುಳುವರ ಆಟಿ ತಿಂಗಳ ಅಮಾವಾಸ್ಯೆ) ಪಾಲೆ ಮರದ ಕೆತ್ತೆಯ, ಅಂದ್ರೆ ತೊಗಟೆಯ, ಕಷಾಯ ಕುಡಿಯೋದು ನಮ್ಮ ಕ್ರಮ; ಮಂಗಳೂರಲ್ಲಿ ಈಗ ಅದಕ್ಕೆ ಏನೂ ಕಷ್ಟ ಇಲ್ಲ, ಸಂಘದವರು ಬೆಳಿಗ್ಗೆಯೇ ಮಾಡಿ ಹಂಚ್ತಾರೆ, ನಾವು ಬಾಟ್ಲಿ ಹಿಡ್ಕೊಂಡು ಹೋಗಿ ತಂದು, ಖಾಲಿ ಹೊಟ್ಟೆಗೆ ಮುಖ ಹಿಂಡಿ ಕುಡಿದು, ಮೇಲಿಂದ ಮೆಂತೆ ಗಂಜಿ ಉಂಡು, ಸ್ಟೇಟಸ್ ಹಾಕಿ ಆಫೀಸಿಗೆ ಹೋಗ್ತೇವೆ. ಒಳ್ಳೇದೇ. ಆದ್ರೆ ಕುಡಿದವರಲ್ಲಿ ಪಾಲೆ ಮರ ಗುರ್ತ ಇರೋರು ಎಷ್ಟು ಜನ ಮಾರಾಯ್ರೆ? ಒಂದೇ ಗಂಟಿನ ಸುತ್ತ ಆರೇಳು ಎಲೆ ಕೊಡೆ ಬಿಡಿಸಿದ ಹಾಗೆ ಇರ್ತದೆ, ಕೆತ್ತಿದ್ರೆ ಹಾಲು ಬರ್ತದೆ. ಇಷ್ಟು ಗೊತ್ತಿಲ್ಲದೆ, ಕ್ರಮದ ಹಾಗೆ ಕತ್ತಲಲ್ಲಿ ಹೋಗಿ ಕಾಸರಕ ಅನ್ನೋ ಬೇರೆ ಮರದ ಕೆತ್ತೆ ತಂದ್ರೆ ಕಥೆ ಮುಗೀತು, ಅದರಲ್ಲಿರೋದು ಸ್ಟ್ರಿಕ್ನಿನ್ ವಿಷ.

ಜನರಿಗೆ ಗಿಡ ಯಾಕೆ ಕಾಣುದಿಲ್ಲ ಅನ್ನೋದಕ್ಕೆ ಅಮೆರಿಕದ ವಾಂಡರ್ಸೀ, ಶಸ್ಲರ್ ಅಂತ ಇಬ್ಬರು ಸಂಶೋಧಕರು 1999ರಲ್ಲೇ ಬರೆದಿದ್ದಾರೆ, ಅವರು ಇದನ್ನು ‘ಪ್ಲಾಂಟ್ ಬ್ಲೈಂಡ್‌ನೆಸ್’, ಅಂದ್ರೆ ಗಿಡಗುರುಡು, ಅಂದ್ರು. ಅಲುಗಾಡುವ, ಬಣ್ಣ ಬೇರೆ ಇರುವ ವಸ್ತುವಿನ ಮೇಲೆ ನಮ್ಮ ಕಣ್ಣು ಮೊದಲು ಹೋಗ್ತದಂತೆ, ನಿಂತಲ್ಲೇ ನಿಂತ ಹಸಿರೆಲ್ಲ ಹಿಂದಿನ ಪರದೆ ಆಗಿ ಬಿಡ್ತದಂತೆ. ಸರಿ, ಒಪ್ಪುವ. ಆದ್ರೆ ನನ್ನ ಅಜ್ಜಿಯ ಕಣ್ಣೂ ಅದೇ ಕಣ್ಣಲ್ವಾ? ಅದೇ ಹಸಿರಲ್ಲಿ ಅವರಿಗೆ ತಜಂಕು (ಚಗಚೆ ಸೊಪ್ಪು) ಬೇರೆ, ತಿಮರೆ (ಒಂದೆಲಗ) ಬೇರೆ, ಕೆಸು ಬೇರೆ ಕಾಣ್ತಿತ್ತು, ಯಾಕಂದ್ರೆ ಮಧ್ಯಾಹ್ನಕ್ಕೆ ಒಂದು ಪದಾರ್ಥ ಆಗ್ಬೇಕಿತ್ತು. ಕೆಲಸ ಇದ್ದಲ್ಲಿ ಕಣ್ಣು ತಾನಾಗಿ ಹೋಗ್ತದೆ, ನನಗೆ ಕಾಣುವ ಹಾಗೆ ವಿಷಯ ಇಷ್ಟೇ.

ನೀರುಕಡ್ಡಿ ನೆನಪುಂಟಾ? ಮಳೆಗಾಲದಲ್ಲಿ ಮುರಕಲ್ಲಿನ ಕಂಪೌಂಡ್ ಗೋಡೆಯ ಬುಡದಲ್ಲಿ ಪಾಚಿ ಜೊತೆ ಏಳ್ತದೆ, ಗೇಣುದ್ದ, ದಂಟು ಗಾಜಿನ ಥರ, ಹಿಡಿದ್ರೆ ಟಕ್ ಅಂತ ಮುರೀತದೆ, ಎಲೆ ಹೃದಯದ ಆಕಾರ, ತುದಿಯಲ್ಲಿ ಸಪೂರ ಕಡ್ಡಿ, ಆ ಕಡ್ಡಿಯ ಮೈಮೇಲೆ ಇರುವ ಚುಕ್ಕೆಗಳೇ ಅದರ ಹೂ-ಕಾಯಿ. ಅದರಲ್ಲಿ ಸ್ಲೇಟ್ ಒರೆಸ್ತಿದ್ದೆವು, ಕ್ಲಾಸಲ್ಲಿ ಅದಕ್ಕಾಗಿ ಜಗಳ ಬೇರೆ. (ದಕ್ಷಿಣ ಅಮೆರಿಕದ ಗಿಡ ಅದು, ಯಾವ ಕಾಲದಲ್ಲೋ ಬಂದು ನಮ್ಮದೇ ಆಗಿದೆ.) ಈಗ ಸ್ಲೇಟ್ ಹೋಯ್ತು, ಗಿಡ ಹೋಗ್ಲಿಲ್ಲ, ಮಂಗಳೂರಿನ ಕದ್ರಿಯಲ್ಲೂ ಉಂಟು, ಬಿಜೈಯಲ್ಲೂ ಉಂಟು, ನೋಡೋರು ಇಲ್ಲ ಅಷ್ಟೇ.

ಹಾಗಾಗಿ ಜೂನ್ 5ರ ಪರಿಸರ ದಿನಕ್ಕೆ ಗಣ್ಯರೆಲ್ಲ ಒಂದೇ ಸಸಿಗೆ ಹತ್ತು ಕೈ ಹಿಡಿದು ಫೋಟೋ ತೆಗೆಸುವ ಜಾಗೃತಿಯಲ್ಲಿ ನನಗೆ ನಂಬಿಕೆ ಇಲ್ಲ. ಮರಕ್ಕೆ ಮೊಳೆ ಹೊಡೆದು ಹೆಸರಿನ ಬೋರ್ಡ್ ಹಾಕೋದು ಇನ್ನೂ ಚಂದ! ಮಕ್ಕಳಿಗೆ ಗಿಡದ ಜೊತೆ ಏನಾದ್ರೂ ಕೆಲಸ ಕೊಡಿ. ತಿಮರೆ ಹುಡುಕಿ ತರ್ಲಿ, ದೊಡ್ಡವರು ನೋಡಿ ಹೌದು ಅಂದ್ಮೇಲೆ ಚಟ್ನಿ ಅವರೇ ಅರೀಲಿ, ಪತ್ರೊಡೆಗೆ ಯಾವ ಕೆಸು ಆಗ್ತದೆ ಯಾವುದು ಬಾಯಿ ತುರಿಸ್ತದೆ ಅಂತ ಅಮ್ಮನ ಹತ್ರ ಕೇಳ್ಲಿ. ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಕರ್ಕೊಂಡು ಹೋದಾಗ ಹುಲಿ ನೋಡಿ ವಾಪಸ್ ಬರೋದಲ್ಲ, ಅಲ್ಲೇ ಪಶ್ಚಿಮಘಟ್ಟದ ಮರಗಳನ್ನು ಬೆಳೆಸಿದ ಜಾಗ ಉಂಟು, ಅಲ್ಲೂ ಒಂದು ಗಳಿಗೆ ನಿಲ್ಲಿ. ಮಾಹಿತಿ ಇಲ್ಲ ಅಂತ ಮಾತ್ರ ಹೇಳ್ಬೇಡಿ, ಉಡುಪಿ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸ್ತಿದ್ದ ಕೆ. ಗೋಪಾಲಕೃಷ್ಣ ಭಟ್ಟರು ಈ ಊರಿನ ಗಿಡಗಳ ಬಗ್ಗೆಯೇ ‘ಫ್ಲೋರಾ ಆಫ್ ಉಡುಪಿ’ ಅಂತ ದಪ್ಪ ಪುಸ್ತಕ 2003ರಲ್ಲೇ ತಂದಿದ್ದಾರೆ.

ಕಡೆಗೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರ ಹತ್ರ ಒಂದು ರಿಕ್ವೆಸ್ಟ್. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿ ಆಯ್ತು, ಇನ್ನು ಉಳಿದ ಮೂಲೆಗೂ ಜುಲೈಯಲ್ಲೇ ಹುಲ್ಲು ಕತ್ತರಿಸುವ ಮಿಷಿನ್ ತರಿಸ್ಬೇಡಿ. ಹಾವು ಬರ್ತದೆ ಅಂತ ಹೆದರಿಕೆ ಇದ್ರೆ ನಡೆಯುವ ದಾರಿ ಮಾತ್ರ ಕ್ಲೀನ್ ಮಾಡ್ಸಿ, ಗೋಡೆ ಬದಿಯದ್ದು ಸೋಣ (ಆಟಿಯ ಮುಂದಿನ ತಿಂಗಳು) ಮುಗಿಯೋವರೆಗೆ ಹಾಗೇ ಇರ್ಲಿ.