ಪಟ್ಟಣದ ಹೊರಗಿನವರಿಗೂ ಒಂದು ಕೌನ್ಸಿಲ್ ಬೇಕು

ಇಂಗ್ಲೆಂಡಿನ ವಿಲ್ಟ್‌ಷೈರ್ ಕೌಂಟಿಯ ಮಾಮ್ಸ್‌ಬರಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪಟ್ಟಣದ ಕುರಿತೇ ಬರೆಯುತ್ತಾರೆ. ಏವನ್ ನದಿಯ ಎರಡು ಕವಲುಗಳ ನಡುವಿನ ದಿಬ್ಬದ ಮೇಲೆ ನಿಂತಿರುವ ಅಬ್ಬೆ (ಹಳೆಯ ಕ್ರೈಸ್ತ ಮಠದ ಇಗರ್ಜಿ), 15ನೆಯ ಶತಮಾನದ ಕೊನೆಯಲ್ಲಿ ಸಂತೆಗೆ ಬಂದವರ ನೆರಳಿಗೆಂದು ಕಟ್ಟಿದ ಕಲ್ಲಿನ ಮಂಟಪ, 939ರಲ್ಲಿ ತೀರಿಕೊಂಡು ಅಲ್ಲಿ ಸಮಾಧಿಯಾದ ದೊರೆ ಅಥೆಲ್‌ಸ್ಟನ್, 1588ರಲ್ಲಿ ಅಲ್ಲಿ ಹುಟ್ಟಿದ ತತ್ತ್ವಜ್ಞಾನಿ ಥಾಮಸ್ ಹಾಬ್ಸ್, ಇವೆಲ್ಲ ಪಟ್ಟಣದ ಪಾಲಿಗೆ ಬಂದ ಕೀರ್ತಿ. ಆ ಪಟ್ಟಣವನ್ನು ಬಹುಮಟ್ಟಿಗೆ ಸುತ್ತುವರಿದಿರುವ ಗ್ರಾಮೀಣ ಸಿವಿಲ್ ಪ್ಯಾರಿಷ್ (ಸ್ಥಳೀಯಾಡಳಿತದ ಅತಿ ಕೆಳಗಿನ ಘಟಕ), ‘ಸೇಂಟ್ ಪಾಲ್ ಮಾಮ್ಸ್‌ಬರಿ ವಿದೌಟ್’ (‘ವಿದೌಟ್’ ಎಂದರೆ ಇಲ್ಲಿ ‘ಹೊರಗಿನದು’), ಯಾರ ಗಮನಕ್ಕೂ ಬರುವುದಿಲ್ಲ. ಕಾರ್ಸ್ಟನ್, ರಾಡ್‌ಬೋರ್ನ್, ಮಿಲ್‌ಬೋರ್ನ್‌ನಂತಹ ಸಣ್ಣ ಊರುಗಳೂ ಹೊಲಗಳೂ ಹುಲ್ಲುಗಾವಲುಗಳೂ ಸೇರಿದ ಈ ಪ್ಯಾರಿಷ್‌ಗೆ ತನ್ನದೇ ಕೌನ್ಸಿಲ್ ಇದೆ, ಅದು ಉಳಿಯಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂತಹ ಪ್ಯಾರಿಷ್‌ಗಳನ್ನು ಯಾರೂ ಬಯಸಿ ಕಟ್ಟಿದ್ದಲ್ಲ. 1894ರ ಸ್ಥಳೀಯಾಡಳಿತ ಕಾಯ್ದೆಯು ಪಟ್ಟಣದ ಗಡಿಯ ಒಳಗೂ ಹೊರಗೂ ಹರಡಿದ್ದ ಪ್ಯಾರಿಷ್‌ಗಳನ್ನು ಎರಡಾಗಿ ಒಡೆಯಿತು. ಹೊರಗುಳಿದ ತುಂಡುಗಳು ದೇಶದ ತುಂಬ ‘ವಿದೌಟ್’, ‘ರೂರಲ್’ ಎಂಬ ಬಾಲದೊಂದಿಗೆ ಪ್ರತ್ಯೇಕ ಪ್ಯಾರಿಷ್‌ಗಳಾದವು. ಸೇಂಟ್ ಪಾಲ್ ಪ್ಯಾರಿಷ್‌ನ ವಿಷಯದಲ್ಲಿ, ಹೆಸರು ಕೊಟ್ಟ ಇಗರ್ಜಿಯೇ ಅದಕ್ಕೂ ಬಹಳ ಹಿಂದೆ ಇಲ್ಲವಾಗಿತ್ತು. 1539ರಲ್ಲಿ ಅಬ್ಬೆಯ ಮಠ ಮುಚ್ಚಿದ ಮೇಲೆ ಅದನ್ನು ಕೊಂಡ ಬಟ್ಟೆ ವ್ಯಾಪಾರಿ ವಿಲಿಯಂ ಸ್ಟಂಪ್ ಅದರ ಮುಖ್ಯ ಭಾಗವನ್ನು ಊರವರ ಪ್ರಾರ್ಥನೆಗೆ ಬಿಟ್ಟುಕೊಟ್ಟ. ಹಳೆಯ ಸೇಂಟ್ ಪಾಲ್ ಇಗರ್ಜಿಯಲ್ಲಿ ಇಂದು ಉಳಿದಿರುವುದು ಗೋಪುರ ಮಾತ್ರ, ಅಬ್ಬೆಯ ಗಂಟೆಗಳು ಅದರಲ್ಲಿವೆ.

ಪಟ್ಟಣಕ್ಕೂ ಹೊರಗಿನ ನೆಲಕ್ಕೂ ಇರುವ ನಂಟು ಕಾಯ್ದೆಗಿಂತ ಎಷ್ಟೋ ಹಳೆಯದು. ಡೇನರ ವಿರುದ್ಧದ ಯುದ್ಧದಲ್ಲಿ ನೆರವಾದ ಊರಿನ ಗಂಡಸರಿಗೆ ಅಥೆಲ್‌ಸ್ಟನ್ ಕೊಟ್ಟನೆಂದು ಹೇಳುವ ‘ಕಿಂಗ್ಸ್ ಹೀತ್’ ಭೂಮಿ ಪಟ್ಟಣದ ನೈರುತ್ಯಕ್ಕೆ, ಪಟ್ಟಣದ ಎಲ್ಲೆಯಿಂದ ಆಚೆಗಿದೆ; ಫ್ರೀಮೆನ್ ಎಂಬ ಸಮುದಾಯ ಇಂದಿಗೂ ಅದರ ಒಡೆತನವನ್ನು ಉಳಿಸಿಕೊಂಡಿದೆ. ಆದ್ದರಿಂದ ಒಳಗು ಹೊರಗುಗಳನ್ನು ಪರಸ್ಪರ ಸಂಬಂಧವಿಲ್ಲದ ಎರಡು ಲೋಕಗಳೆಂದು ನಾನು ವಾದಿಸುತ್ತಿಲ್ಲ. ಪ್ಯಾರಿಷ್‌ನವರ ಪೇಟೆ, ಶಾಲೆಗಳು ಹೆಚ್ಚಾಗಿ ಪಟ್ಟಣದಲ್ಲಿಯೇ ಇವೆ.

ಹಾಗಾದರೆ ಎರಡನ್ನೂ ಕೂಡಿಸಿಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. 2007ರ ಸ್ಥಳೀಯಾಡಳಿತ ಕಾಯ್ದೆಯ ಪ್ರಕಾರ ಮೇಲ್ಹಂತದ ಆಡಳಿತವಾದ ವಿಲ್ಟ್‌ಷೈರ್ ಕೌನ್ಸಿಲ್‌ಗೆ ಪ್ಯಾರಿಷ್ ಗಡಿಗಳನ್ನು ಪರಿಶೀಲಿಸಿ ಬದಲಿಸುವ ಅಧಿಕಾರವೂ ಇದೆ. ಆದರೆ ಕೂಡಿಸಿದ ಕೌನ್ಸಿಲ್‌ನಲ್ಲಿ ಹೆಚ್ಚಿನ ಮತ ಪಟ್ಟಣದ್ದಾಗಿರುತ್ತದೆ, ಮನೆ ಕಟ್ಟಲು ಬೇಕಾದ ಬಯಲು ಮಾತ್ರ ಹಳ್ಳಿಗಳ ಕಡೆ ಇರುತ್ತದೆ. ಹಳ್ಳಿಯ ಕಾಲುದಾರಿ, ಚರಂಡಿ, ಬಸ್ಸಿನ ಬಗ್ಗೆ ಎದ್ದು ನಿಂತು ಮಾತಾಡುವ ಸದಸ್ಯನಿಗೆ ಅಂತಹ ಸಭೆಯಲ್ಲಿ ಎಷ್ಟು ತೂಕ ಸಿಕ್ಕೀತು? ಪ್ಯಾರಿಷ್ ಕೌನ್ಸಿಲ್‌ನ ಅಧಿಕಾರ ಚಿಕ್ಕದು ಎಂಬುದು ನಿಜ. ಕಟ್ಟಡದ ಅರ್ಜಿಗಳ ಬಗ್ಗೆ ಅದು ಅಭಿಪ್ರಾಯ ಹೇಳಬಹುದು, ತೀರ್ಮಾನ ವಿಲ್ಟ್‌ಷೈರ್ ಕೌನ್ಸಿಲ್‌ನದು. ಅಷ್ಟಾದರೂ ಆ ಅಭಿಪ್ರಾಯ ಹಳ್ಳಿಯ ಹೆಸರಿನಲ್ಲಿ ಕಡತಕ್ಕೆ ಸೇರುವುದು ನನಗೆ ಮುಖ್ಯವಾಗಿ ಕಾಣುತ್ತದೆ.

ಜೊತೆಗೂಡಿ ಕೆಲಸ ಮಾಡಲು ಒಂದಾಗಲೇಬೇಕೆಂದೇನೂ ಇಲ್ಲ. 2011ರ ಲೋಕಲಿಸಂ ಕಾಯ್ದೆ ನೆರೆಹೊರೆ ಯೋಜನೆಗೆ, ಅಂದರೆ ತಮ್ಮ ಪ್ರದೇಶದಲ್ಲಿ ಏನು ಎಲ್ಲಿ ಕಟ್ಟಬೇಕೆಂದು ಊರವರೇ ರೂಪಿಸುವ ಯೋಜನೆಗೆ, ಅವಕಾಶ ಕೊಟ್ಟಾಗ ಮಾಮ್ಸ್‌ಬರಿ ಪಟ್ಟಣ, ಸೇಂಟ್ ಪಾಲ್ ವಿದೌಟ್ ಮತ್ತು ಪಕ್ಕದ ಬ್ರೋಕನ್‌ಬರೋ ಪ್ಯಾರಿಷ್ ಕೂಡಿ ಒಂದೇ ಯೋಜನೆ ರೂಪಿಸಿದವು. 2015ರಲ್ಲಿ ಅದು ಜಾರಿಗೆ ಬಂತು. ಹೊಸ ಮನೆ ಎಲ್ಲಿ ಬರಬೇಕು ಎಂಬುದನ್ನು ಮೂವರೂ ಒಟ್ಟಿಗೆ ಕುಳಿತು ಚರ್ಚಿಸಿದ ಈ ಕ್ರಮವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಬಗೆಹರಿಸಬೇಕಾದ ತೊಡಕು ಹಣದ್ದು. ನೆರೆಹೊರೆ ಯೋಜನೆ ಜಾರಿಯಲ್ಲಿರುವ ಕಡೆ ಹೊಸ ಕಟ್ಟಡಗಳ ಮೇಲಿನ ಮೂಲಸೌಕರ್ಯ ಶುಲ್ಕದಲ್ಲಿ 25 ಶೇಕಡಾ, ಕಟ್ಟಡ ಎದ್ದ ಪ್ಯಾರಿಷ್‌ಗೆ ಹೋಗುತ್ತದೆ. ಪಟ್ಟಣದ ಅಂಚಿನಲ್ಲಿ, ಆದರೆ ಪ್ಯಾರಿಷ್‌ನ ನೆಲದಲ್ಲಿ ಬಡಾವಣೆ ಬಂದರೆ ಹಣ ಪ್ಯಾರಿಷ್‌ಗೆ, ಆಟದ ಮೈದಾನ ಮತ್ತು ವಾಹನ ನಿಲುಗಡೆಯ ಮೇಲಿನ ಹೊರೆ ಪಟ್ಟಣಕ್ಕೆ. ಇದು ಪಟ್ಟಣದವರ ನ್ಯಾಯವಾದ ದೂರು. ಅಂತಹ ಬಡಾವಣೆಗಳಿಂದ ಬರುವ ಪಾಲನ್ನು ಎರಡು ಕೌನ್ಸಿಲ್‌ಗಳೂ ಸೇರಿದ ಒಂದು ಜಂಟಿ ಸಮಿತಿ ಖರ್ಚು ಮಾಡಲಿ, ಅದರ ಲೆಕ್ಕ ಎರಡೂ ಕಡೆಯ ಸಭೆಗಳ ಮುಂದೆ ಬರಲಿ, ಗಡಿಯನ್ನು ಮಾತ್ರ ಅದಕ್ಕಾಗಿ ಅಳಿಸುವುದು ಬೇಡ.